ಏಳು ರೊಟ್ಟಿಯ ಪಾರ್ಟು

ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನು ಮಾಡಿದ್ದನ್ನು ಮಾಡಿದ್ದು ಅಲ್ಲಿ. ಹೊಸಪೇಟೆಯ ಕಾಲುವೆ ಪಕ್ಕದ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಮಾಮನ ಹಾರ್ಮೋನಿಯಂ, ಅದಕ್ಕೆ ನಾವು ಪೇಟಿ ಅನ್ನುತ್ತಿದ್ದೆವು. ಅದರ ಪಕ್ಕ ಅವ್ವನ ಸೀರೆಗಳ ಟ್ರಂಕು, ಟ್ರಂಕಿನ ಮೇಲೆ ಬಣ್ಣದ ಪೆಟ್ಟಿಗೆ. ಹಿಂದಿನ ಕೋಣೆಯೇ ಅಡುಗೆಮನೆ. ಅದಕ್ಕಿದ್ದದ್ದು ಒಂದೇ ಕಿಟಕಿ, ಅದರಿಂದ ಬೆಳಗಿನ ಬೆಳಕು ಒಂದು ಚಾಪೆಯಷ್ಟು ಜಾಗದ ಮೇಲೆ ಬೀಳುತ್ತಿತ್ತು. ಆ ಬೆಳಕಿನ ಜಾಗ ನನ್ನದು. ಒಲೆಯ ಮುಂದಿನ ಜಾಗ ಅವ್ವನದು. ನಡುವೆ ಒಂದು ಮೊಳ ಖಾಲಿ ಇರಬೇಕು, ಹಿಟ್ಟು ಸಿಡಿದು ಪುಸ್ತಕಕ್ಕೆ ಬೀಳಬಾರದು ಎಂದು. ಅದಕ್ಕೆ ಇನ್ನೊಂದು ನಿಯಮವೂ ಸೇರಿತ್ತು. ಓದುವವಳು ಹಿಟ್ಟು ಮುಟ್ಟುವಂತಿಲ್ಲ. ಓಣಿಯ ನನ್ನ ವಯಸ್ಸಿನ ಹುಡುಗಿಯರೆಲ್ಲ ರೊಟ್ಟಿ ಕಲಿತಾಗಲೂ ನನಗೆ ಬಂದಿರಲಿಲ್ಲ.

ಅವ್ವ, ಸುಂಕಮ್ಮ, ನಾಟಕದಲ್ಲಿ ಪಾರ್ಟು ಮಾಡುತ್ತಿದ್ದಳು. ನಮ್ಮ ಕಡೆ ಹಳ್ಳಿಯ ಗಂಡಸರು ಸೇರಿ ನಾಟಕ ಕಲಿಯುತ್ತಾರೆ, ಹೆಣ್ಣಿನ ಪಾರ್ಟಿಗೆ ಮಾತ್ರ ಪೇಟೆಯಿಂದ ನಟಿಯರನ್ನು ಕರೆಸುತ್ತಾರೆ. ಗಂಡಸರು ಮೂರು ತಿಂಗಳು ತಾಲೀಮು ಮಾಡಿರಬಹುದು. ನಟಿ ಹೋಗುವುದು ಮಾತ್ರ ನಾಟಕದ ದಿನವೇ. ಮಧ್ಯಾಹ್ನ ಬಸ್ಸಿಳಿದು, ಪೇಟಿಯ ಮುಂದೆ ಕುಳಿತು ಹಾಡುಗಳನ್ನಷ್ಟೇ ಒಮ್ಮೆ ಹೇಳಿ ನೋಡಿ, ಬಣ್ಣಕ್ಕೆ ಕೂರುತ್ತಾಳೆ. ಮಾತು ಅವಳಿಗೆ ಬಾಯಿಪಾಠ ಬಂದೇ ಇರುತ್ತದೆ ಎಂದು ಊರಿನವರು ನಂಬಿರುತ್ತಾರೆ. ಕಂಪ್ಲಿಯಿಂದ ಗಾದಿಗನೂರಿನವರೆಗೆ ಅವ್ವನನ್ನು ಕರೆಯುತ್ತಿದ್ದದ್ದು ಆ ನಂಬಿಕೆಯ ಮೇಲೆ. ಅವಳಿಗೆ ಓದು ಬರುವುದಿಲ್ಲ ಎಂಬುದು ಗೊತ್ತಿದ್ದದ್ದು ಇಬ್ಬರಿಗೇ, ಅವಳ ತಮ್ಮ ಈರಣ್ಣ ಮಾಮನಿಗೆ ಮತ್ತು ನನಗೆ. ಮಾಮ ಅವಳ ಜೊತೆ ಹೋಗಿ ಪೇಟಿ ನುಡಿಸುತ್ತಿದ್ದ. ಹೊಸ ನಾಟಕ ಬಂದರೆ ಅದರಲ್ಲಿ ಅವ್ವನ ಪಾರ್ಟನ್ನಷ್ಟೇ ನೋಟುಬುಕ್ಕಿನಲ್ಲಿ ದುಂಡಗೆ ಬರೆದುಕೊಡುತ್ತಿದ್ದ. ಅದನ್ನು ಅವಳಿಗೆ ಓದಿ ಹೇಳುವುದು ನನ್ನ ಕೆಲಸ.

ಅವ್ವ ಕಲಿಯುತ್ತಿದ್ದದ್ದು ರೊಟ್ಟಿ ತಟ್ಟುತ್ತ. ಅವಳು ಮುದ್ದೆ ಹಿಡಿದು ತಟ್ಟಲು ತೊಡಗಿದಾಗ ನಾನು ಓದಬೇಕು. ರೊಟ್ಟಿ ಅಗಲವಾಗುವವರೆಗೆ ಎಷ್ಟು ಓದುತ್ತೇನೋ ಅಷ್ಟು ಒಂದು ತುಂಡು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರುವಾಗ ಅವಳು ಆ ತುಂಡನ್ನು ತಿರುಗಿ ಹೇಳುತ್ತಿದ್ದಳು. ತಪ್ಪಿದರೆ ಆ ರೊಟ್ಟಿ ತಿರುವಿ ಹಾಕುವುದರೊಳಗೆ ಸರಿಯಾಗಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಪಾರ್ಟುಗಳನ್ನು ಅಳೆಯುತ್ತಿದ್ದದ್ದು ರೊಟ್ಟಿಯಲ್ಲಿ. ಮಗುವನ್ನು ಕಳೆದುಕೊಂಡ ತಾಯಿಯ ಅಳು ಮೂರು ರೊಟ್ಟಿ. ಅತ್ತೆಯ ಜೊತೆಗಿನ ಜಗಳ ಒಂಬತ್ತು. ಮನೆಯಲ್ಲಿ ಮೂರೇ ಜನವಾದ್ದರಿಂದ, ದೊಡ್ಡ ನಾಟಕ ಬಂದ ವಾರ ಓಣಿಯ ಎಲ್ಲ ಮನೆಗಳಿಗೂ ನಮ್ಮ ರೊಟ್ಟಿ ಹೋಗುತ್ತಿತ್ತು. ರಂಗದ ಮೇಲೆ ಮಾತಾಡುವಾಗ ಅವ್ವನ ಬಲಗೈ ಬೆರಳುಗಳು ಸೀರೆಯ ಮಡಿಕೆಯ ಮೇಲೆ ಮೆಲ್ಲಗೆ ತಟ್ಟುತ್ತಿದ್ದವು ಎಂದು ಮಾಮ ಹೇಳುತ್ತಿದ್ದ. ನೋಡಿದವರು ಅದನ್ನು ಅಭಿನಯ ಎಂದುಕೊಳ್ಳುತ್ತಿದ್ದರಂತೆ.

ಮಾರನೆಯ ಬೆಳಿಗ್ಗೆ ಅವಳು ಬಸ್ ಸ್ಟ್ಯಾಂಡಿನಿಂದ ವಗ್ಗಾಣಿ, ಮಿರ್ಚಿಯ ಪೊಟ್ಟಣ ಹಿಡಿದು ಬರುತ್ತಿದ್ದಳು. ನಾನು ತಟ್ಟೆಯಲ್ಲಿ ಕೊಬ್ಬರಿ ಎಣ್ಣೆ, ಅರಳೆ ಇಟ್ಟುಕೊಂಡು ಕಾದಿರುತ್ತಿದ್ದೆ. ಅವಳು ಎಷ್ಟು ತೊಳೆದಿದ್ದರೂ ಕಿವಿಯ ಹಿಂದೆ ಬಣ್ಣ ಉಳಿದಿರುತ್ತಿತ್ತು. ಹೊಸ್ತಿಲ ಮೇಲೆ ಕುಳಿತು ತಲೆ ಬಾಗಿಸುತ್ತಿದ್ದಳು, ನಾನು ಒರೆಸುತ್ತಿದ್ದೆ. ಅದು ಮುಗಿಯುವವರೆಗೆ ಅವಳು ಒಳಗೆ ಕಾಲಿಡುತ್ತಿರಲಿಲ್ಲ. ಬಣ್ಣ ಮನೆಯೊಳಗೆ ಬರಬಾರದು ಎಂದು ಅವಳು ಹೇಳುತ್ತಿದ್ದದ್ದು ನನ್ನ ವಿಷಯದಲ್ಲಿ ಎಂದು ಆಗ ನನಗೆ ತಿಳಿದಿರಲಿಲ್ಲ.

ಆರನೆಯ ತರಗತಿಯಲ್ಲಿ ಶಾಲೆಯ ಗ್ಯಾದರಿಂಗಿಗೆ ಒಂದು ನಾಟಕ ಎತ್ತಿಕೊಂಡರು. ಹೆಡ್ ಟೀಚರು ನನ್ನನ್ನು ರಾಣಿಯ ಪಾರ್ಟಿಗೆ ಆರಿಸಿದರು. ಎರಡೇ ದಿನದಲ್ಲಿ ನನಗೆ ಇಡೀ ನಾಟಕ ಬಂದಿತ್ತು, ನನ್ನದೂ, ಉಳಿದವರದೂ. ಮನೆಯಲ್ಲಿ ಹೇಳಿದೆ. ಮರುದಿನ ಅವ್ವ ಸೆರಗು ಹೊದ್ದುಕೊಂಡು ಶಾಲೆಗೆ ಬಂದು, ಇಡೀ ತರಗತಿ ಕೇಳುವಂತೆ ಬಾಗಿಲಲ್ಲಿ ನಿಂತು ಹೇಳಿದಳು.

"ನನ್ನ ಮಗಳಿಗೆ ಬಣ್ಣ ಹಚ್ಚಬ್ಯಾಡ್ರಿ ಟೀಚರ್. ಬ್ಯಾರೆ ಏನಾರ ಕಲಸ್ರಿ."

"ಶಾಲಿ ನಾಟಕ ಅಲ್ಲೇನ್ರೀ ಇದು, ಮಕ್ಕಳದು" ಎಂದರು ಹೆಡ್ ಟೀಚರು.

"ನಾನೂ ಸಣ್ಣಾಕಿದ್ದಾಗ ಶುರು ಮಾಡೀನ್ರಿ. ನನ್ನ ತಲಿಗೇ ಮುಗೀಲಿ."

ಅವಳು ಹೋದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಮೆಲ್ಲಗೆ ಅಂದಳು, "ನಾಟಕದಾಕಿ ಮಗಳು ನಾಟಕ ಮಾಡಂಗಿಲ್ಲಂತ." ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ನೆನಪು. ಮನೆಗೆ ಬಂದು ಅವ್ವನ ಮುಂದೆ ನಿಂತು ಕೇಳಿದೆ, ನೀನು ಮಾಡಬಹುದು, ನಾನು ಯಾಕೆ ಮಾಡಬಾರದು ಎಂದು. ಅವಳು ಹೇಳಿದಳು, "ನೀ ಓದೋಳು. ಓದೋದಷ್ಟ ನಿನ್ನ ಕೆಲಸ." ಈಗ ಆ ಮಾತಿನಲ್ಲಿ ಅವಳ ಆಸೆ ಕೇಳಿಸುತ್ತದೆ. ಅವತ್ತು ಕೇಳಿಸಿದ್ದು ನನ್ನನ್ನು ಕಟ್ಟಿಹಾಕಿದ ಹಗ್ಗ.

ಅದೇ ವಾರ ಮಾಮ ಹೊಸ ನಾಟಕವೊಂದನ್ನು ಬರೆದು ತಂದ. ಕಂಪ್ಲಿ ಕಡೆಯ ಹಳ್ಳಿಯೊಂದರವರು ಕರೆದಿದ್ದರು. ಕಳವಿನ ಆರೋಪ ಹೊತ್ತ ಸೊಸೆ ಪಂಚಾಯತಿಯ ಮುಂದೆ ನಿಂತು ಮಾತಾಡುವುದು ಅದರ ಕೊನೆಯ ಸೀನು. ಇಡೀ ನಾಟಕ ನಿಂತಿದ್ದದ್ದು ಅದರ ಮೇಲೆ.

"ಅಕ್ಕ, ಈ ಪಂಚಾಯ್ತಿ ಸೀನು ಒಂದ ಏಳು ರೊಟ್ಟಿ ಆಕ್ಕತಿ ನೋಡು" ಎಂದ ಮಾಮ.

"ಏಳು ಅಂದ್ರ ಓಣಿ ಮಂದಿಗೆ ಹಬ್ಬ" ಎಂದು ಅವ್ವ ನಕ್ಕಳು.

ಮುಂದಿನದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಅವ್ವ ಕಾಲುವೆಗೆ ಬಟ್ಟೆ ತೊಳೆಯಲು ಹೋಗಿದ್ದಳು. ಮಾಮ ಮನೆಯಲ್ಲಿರಲಿಲ್ಲ. ಪರಾತದ ಅಂಚಿನಲ್ಲಿ ಬೆಳಗಿನ ಹಿಟ್ಟು ಮೆತ್ತಿಕೊಂಡಿತ್ತು. ಬಿಸಿ ಎಸರಿನಲ್ಲಿ ನಾದಿದ ಜೋಳದ ಹಿಟ್ಟು ಅಂಟಿನಂತಿರುತ್ತದೆ. ಅದನ್ನು ಉಗುರಿನಿಂದ ಕೆರೆದು, ನೀರು ಸೋಕಿಸಿ, ಪಂಚಾಯತಿ ಸೀನಿನ ನಡುವಿನ ಎರಡು ಹಾಳೆಗಳ ಅಂಚಿಗೆ ಸವರಿದೆ. ಮೂರು ಕಡೆಯೂ ಸವರಿದೆ. ಅವುಗಳನ್ನು ಒತ್ತಿ, ಮೇಲೆ ಪೇಟಿಯ ತೂಕ ಇಟ್ಟೆ. ಹರಿದರೆ ಗೊತ್ತಾಗುತ್ತದೆ, ಅಂಟಿದರೆ ತಾನಾಗಿ ಅಂಟಿತು ಎನ್ನಬಹುದು ಎಂದು ಯೋಚಿಸಿದ್ದೆ. ಹನ್ನೊಂದು ವರ್ಷದವಳಿಗೆ ಏನು ಗೊತ್ತಾಗುತ್ತದೆ ಎಂದು ಕೇಳುವವರಿದ್ದಾರೆ. ನನಗೆ ಇಷ್ಟು ಗೊತ್ತಾಗಿತ್ತು.

ಮರುದಿನ ಬೆಳಕಿನ ಜಾಗದಲ್ಲಿ ಕುಳಿತು ಆ ಸೀನು ಓದಿದೆ. ಅಂಟಿದ ಹಾಳೆಗಳನ್ನು ಒಂದೇ ಹಾಳೆಯಂತೆ ತಿರುವಿದೆ. ನಾಲ್ಕನೆಯ ರೊಟ್ಟಿಗೆ ಸೀನು ಮುಗಿಯಿತು. ಅವ್ವ ಒದ್ದೆ ಬಟ್ಟೆ ಹಿಡಿದ ಕೈಯನ್ನು ಹಾಗೆಯೇ ತಡೆದಳು.

"ಈರಣ್ಣ ಏಳು ಅಂದಿದ್ದ. ನಾಕಕ್ಕ ಮುಗೀತಲ್ಲಲೇ ಲಲ್ತಿ."

"ಮಾಮ ಸುಮ್ಮ ಅಂದಾನವ್ವ. ಇಷ್ಟ ಐತಿ."

"ಹಂಗಾರ ಸರಿ. ನೀ ನೋಡೀದಿ ಅಂದ್ರ ಆತು."

ಆ ಕೊನೆಯ ಮಾತನ್ನು ನಾನು ಮರೆತಿಲ್ಲ.

ನಾಟಕದ ಮರುದಿನ ಅವ್ವ ಬಂದಾಗ ಕೈಯಲ್ಲಿ ಪೊಟ್ಟಣವಿರಲಿಲ್ಲ. ನಾನು ಎಣ್ಣೆಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಅವಳು ಕೂರಲಿಲ್ಲ. ಕಿವಿಯ ಹಿಂದೆ, ಕೊರಳಲ್ಲಿ, ಹಣೆಯ ಅಂಚಿನಲ್ಲಿ ಬಣ್ಣವಿದ್ದ ಹಾಗೆಯೇ ಮನೆಯೊಳಗೆ ಹೋದಳು. ಹಿಂದೆ ಪೇಟಿ ಹೊತ್ತುಕೊಂಡು ಮಾಮ ಬಂದ. ಅವನು ಅದನ್ನು ಕೆಳಗಿಡುವ ಮೊದಲೇ ಅವ್ವ ಶುರು ಮಾಡಿದಳು.

"ಏನು ಬರದು ಕೊಟ್ಟೀದಿಲೇ ನನಗ? ಗಂಡನ ಪಾರ್ಟಿನ ಹುಡುಗ ಮುಂದ ಮಾತಾಡು ಅಂದ. ನಾ ಕಡೀ ಮಾತು ಹೇಳಿ ನಿಂತಿದ್ದೆ. ಮತ್ತ ಅಂದ, ಮುಂದ ಮಾತಾಡು. ಪಾಪ, ಅವಗೂ ಬ್ಯಾರೆ ಮಾತು ಬರತಿದ್ದಿಲ್ಲ. ಮೂರು ಸಲ ಅಂದ."

"ಪರದೆ ಹಿಂದಿಂದ ಆ ಊರಿನ ನಾಟಕದ ಮೇಷ್ಟ್ರು ಪುಸ್ತಕ ನೋಡಿ ಹೇಳಿಕೊಡತಿದ್ದರಲ್ಲಕ್ಕ."

"ಅಂವ ಹೇಳಿದ್ದು ನಾ ಯಾವತ್ತೂ ಕೇಳಿದ್ದಿಲ್ಲ. ಅಂವ ಪುಸ್ತಕದಾಗ ಬ್ಯಾರೆ ಸೀನು ತಗದಾನ ಅನಕೊಂಡೆ. ಮಂದಿ ನಕ್ಕರು ಈರಣ್ಣ. ಚಾಪಿ ಮ್ಯಾಲ ಕುಂತ ಹೆಂಗಸರೂ ನಕ್ಕರು. ಪಾರ್ಟು ಬರದಾಕಿನ್ನ ಯಾಕ ಕರಸೀರಿ ಅಂತ ಒಬ್ಬ ಕೂಗಿದ."

ಆ ಸೀನಿನಲ್ಲಿ ಹಾಡಿರಲಿಲ್ಲ. ಹಾಗಾಗಿ ಮಧ್ಯಾಹ್ನ ಪೇಟಿಯ ಮುಂದೆ ಕುಳಿತಾಗ ಮಾಮನಿಗೂ ಏನೂ ಗೊತ್ತಾಗಿರಲಿಲ್ಲ. ಈಗ ಅವನು ಚೀಲದಿಂದ ನೋಟುಬುಕ್ಕು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಪುಟ ತಿರುವಿದ. ಒಂದು ಜಾಗದಲ್ಲಿ ಅವನ ಹೆಬ್ಬೆರಳು ನಿಂತಿತು. ದಪ್ಪಗಿದ್ದ ಹಾಳೆಯ ಅಂಚನ್ನು ಸವರಿ ನೋಡಿದ. ಅಲ್ಲಿಂದ ಒಣಗಿದ ಹಿಟ್ಟಿನ ಒಂದು ಚೂರು ಉದುರಿತು. ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಎಣ್ಣೆಯ ತಟ್ಟೆ ಕೆಳಗಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ಅವನು ನೋಟುಬುಕ್ಕು ಮುಚ್ಚಿ ಕಂಕುಳಿಗೆ ಸೇರಿಸಿಕೊಂಡ.

"ನಂದ ತಪ್ಪಕ್ಕ. ಬರಕೊಳ್ಳೋ ಮುಂದ ಎರಡು ಹಾಳಿ ಬಿಟ್ಟೀನಿ."

"ಕುಡದು ಬರದ್ಯಾ?"

"ಹೂಂ, ಹಂಗ ಅನಕೊ."

ಅವ್ವ ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮತ್ತೆ ಅವನ ಕಡೆ ತಿರುಗಿ, "ನಿನ್ನ ಪೇಟಿ ತಗಂಡು ಹೋಗು. ಇನ್ನ ಈ ಹೊಸ್ತಿಲ ದಾಟಿ ಒಳಗ ಬರಬ್ಯಾಡ" ಎಂದಳು. ಅವನು ಇನ್ನೂ ಕೆಳಗಿಡದ ಪೇಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಹೊರಗೆ ನಡೆದ. ಹೋಗುವಾಗ ನನ್ನ ತಲೆಯ ಮೇಲೆ ಕೈ ಇಟ್ಟ. ಸಂಡೂರಿಗೆ ಹೋದನೆಂದು ವಾರದ ಮೇಲೆ ತಿಳಿಯಿತು. ಅಲ್ಲಿ ಒಂದು ಕೋಣೆ ಹಿಡಿದು ಮಕ್ಕಳಿಗೆ ಭಜನೆ ಕಲಿಸುತ್ತ ಉಳಿದ.

ಸುದ್ದಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಊರಿನ ನಾಟಕಕ್ಕೆ ಹತ್ತು ಊರಿನವರು ಬಂದಿರುತ್ತಾರೆ. ಮೊದಲು ಕಂಪ್ಲಿ ಕಡೆಯ ಕರೆ ನಿಂತಿತು, ಆಮೇಲೆ ಉಳಿದ ಕಡೆಯದು. ಅವ್ವ ಬಣ್ಣದ ಪೆಟ್ಟಿಗೆಯನ್ನು ಟ್ರಂಕಿನ ಮೇಲಿಂದ ಒಳಗೆ ಇಟ್ಟಳು, ಲಾರಿಯವರು ಊಟಕ್ಕೆ ನಿಲ್ಲುವ ಖಾನಾವಳಿಯೊಂದರಲ್ಲಿ ರೊಟ್ಟಿ ಮಾಡುವ ಕೆಲಸಕ್ಕೆ ಸೇರಿದಳು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಕೆಂಪು ಮಣ್ಣು ಮೆತ್ತಿದ ಲಾರಿಗಳ ಸಾಲು, ಒಳಗೆ ಹೊಗೆ, ಹೊಗೆಯಲ್ಲಿ ಅವ್ವ. ಅವೇ ಕೈಗಳು, ಅದೇ ತಾಳ. ನೀರು ಸವರುವ ಹೊತ್ತಿಗೆ ಅವಳ ತುಟಿ ಒಮ್ಮೊಮ್ಮೆ ತೆರೆಯುತ್ತಿತ್ತು, ಹೇಳಲು ಏನೂ ಇರುತ್ತಿರಲಿಲ್ಲ, ಮುಚ್ಚುತ್ತಿತ್ತು. ಅದನ್ನು ನೋಡುತ್ತ ಅಲ್ಲೇ ಕುಳಿತು ನಾನು ಹೋಂವರ್ಕ್ ಮಾಡಿದೆ.

ನಾನು ನಟಿಯಾದದ್ದು ಹೇಗೆ ಎಂದು ಸಂದರ್ಶನಗಳಲ್ಲಿ ಕೇಳುತ್ತಾರೆ. ತಾಯಿಯಿಂದ ಬಂದ ಕಲೆ ಎನ್ನುತ್ತೇನೆ. ಅದು ಅರ್ಧ ಮಾತು. ಅವ್ವ ಇಲ್ಲದ ಜಾಗಕ್ಕೆ ಯಾರಾದರೂ ಬೇಕಾಗಿತ್ತು. ಹದಿನಾರನೆಯ ವಯಸ್ಸಿಗೆ ಒಂದು ಹಳ್ಳಿಯವರು ಸುಂಕಮ್ಮನ ಮಗಳಿದ್ದಾಳಲ್ಲ, ಓದು ಬಲ್ಲವಳು, ಪಾರ್ಟು ಮರೆಯುವುದಿಲ್ಲ ಎಂದು ನನ್ನನ್ನು ಕೇಳಿಕೊಂಡು ಬಂದರು. ಖಾನಾವಳಿಯಿಂದ ಸುಟ್ಟ ಬೆರಳು ಹಿಡಿದು ಬಂದಿದ್ದ ಅವ್ವ, ಬೇಡ ಎನ್ನುವ ಶಕ್ತಿ ಇಲ್ಲದೆ ಗೋಡೆಯ ಕಡೆ ಮುಖ ಮಾಡಿದಳು. ಅಲ್ಲಿಂದ ಕಂಪನಿ ನಾಟಕ, ಆಮೇಲೆ ಧಾರಾವಾಹಿ, ಸಿನಿಮಾ. ಸಿನಿಮಾದಲ್ಲಿ ನನಗೆ ಸಿಗುವುದು ನಾಯಕನ ತಾಯಿ, ಅಡುಗೆಯವಳು, ಜೈಲಿನ ಬಾಗಿಲಲ್ಲಿ ಅಳುವ ಹೆಂಗಸು. ಮಾತು ಮರೆಯದವಳು ಎಂದು ಹೆಸರಿದೆ. ಎದುರಿನವರ ಮಾತನ್ನೂ ಕಲಿತಿರುತ್ತೇನೆ, ಯಾರೂ ನನ್ನ ಮುಂದೆ ಬಾಯಿ ಕಟ್ಟಿ ನಿಲ್ಲಬಾರದು ಎಂದು. ಒಮ್ಮೆ ಹಂಪಿ ಬಜಾರಿನ ಹತ್ತಿರ ಶೂಟಿಂಗ್ ಇತ್ತು. ಕಲ್ಲಿನ ಮಂಟಪವೊಂದರಲ್ಲಿ ಒಲೆ ಹೂಡಿ, ರೊಟ್ಟಿ ತಟ್ಟುತ್ತ ಮಗನಿಗೆ ಬುದ್ಧಿ ಹೇಳಿ ಎಂದರು ನಿರ್ದೇಶಕರು. ಎರಡೇ ಸಾಲು. ಹಿಟ್ಟಿಗೆ ಕೈ ಹಾಕಿದೆ, ಎರಡೂ ಸಾಲು ಹೋದವು. ಏಳೆಂಟು ಸಲ ತೆಗೆದರು. ಕೊನೆಗೆ ಬೇರೆಯವರ ಕೈಗಳನ್ನು ತೋರಿಸಿ, ನನ್ನ ಮುಖವನ್ನು ಬೇರೆಯಾಗಿ ತೆಗೆದುಕೊಂಡರು.

ಸಂಡೂರಿಗೆ ನಾನು ಹೋಗುತ್ತಿರಲಿಲ್ಲ ಎಂದಲ್ಲ. ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಮಾಮ ಟೀ ಮಾಡುತ್ತಿದ್ದ, ಈಗ ಯಾವ ಪಾರ್ಟು ಎಂದು ಕೇಳುತ್ತಿದ್ದ, ಅಕ್ಕನ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದ. ಹೋಗುವಾಗಲೆಲ್ಲ ಇವತ್ತು ಹೇಳುತ್ತೇನೆ ಎಂದು ಹೋಗಿ, ಹೇಳದೆ ಬಂದಿದ್ದೇನೆ. ಕೊನೆಯ ಸಲ ಬಸ್ ಹತ್ತಿಸಲು ಬಂದವನು ಕಿಟಕಿಯ ಸರಳು ಹಿಡಿದು ಕೇಳಿದ, "ಏನಾರ ಹೇಳೋದೈತೇನವಾ?"

"ಇಲ್ಲ ಮಾಮ" ಎಂದೆ.

"ಇರ್ಲಿ ಬಿಡು. ಜ್ವಾಕಿಲೆ ಹೋಗು."

ಈ ವರ್ಷ ಅವನು ತೀರಿಕೊಂಡ. ಅವ್ವನಿಗೆ ಎಂಬತ್ತು ದಾಟಿದೆ. ಅವಳನ್ನು ಕರೆದುಕೊಂಡು ಸಂಡೂರಿಗೆ ಹೋದೆ. ಅವಳು ತಮ್ಮನ ಪಾದದ ಹತ್ತಿರ ಕುಳಿತಳು, ಅಳಲಿಲ್ಲ. ಮಣ್ಣು ಮಾಡಿದ ಮೇಲೆ ಮನೆಯ ಮಾಲಕಿ ಒಂದು ಪೆಟ್ಟಿಗೆ ತಂದುಕೊಟ್ಟು, "ಮಾಸ್ತರರು ಇದನ್ನ ಯಾರಿಗೂ ಮುಟ್ಟಾಕ ಕೊಡತಿದ್ದಿಲ್ರಿ" ಎಂದಳು. ಎರಡು ಅಂಗಿ, ಒಂದು ಶಾಲು, ಶಾಲಿನೊಳಗೆ ಆ ನೋಟುಬುಕ್ಕು. ಎರಡು ಹಾಳೆ ಅಂಟಿಕೊಂಡೇ ಇದ್ದವು. ಇಷ್ಟು ವರ್ಷದಲ್ಲಿ ಅವನು ಅವುಗಳನ್ನು ಬಿಡಿಸಿರಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅವ್ವ ಒಮ್ಮೆ ನೋಡಿ, ಕಿಟಕಿಯ ಹೊರಗಿನ ಗುಡ್ಡಗಳ ಕಡೆ ತಿರುಗಿದಳು.

ನಾವಿಬ್ಬರೂ ಈಗಲೂ ಅದೇ ಓಣಿಯಲ್ಲಿ ಇದ್ದೇವೆ. ಮರುದಿನ ಬೆಳಿಗ್ಗೆ ಅವ್ವ ಎಸರಿಟ್ಟು ಕುಳಿತಿದ್ದಳು. ನಾನು ನೋಟುಬುಕ್ಕು ಹಿಡಿದು ಅವಳ ಎದುರು ಕುಳಿತು ಹೇಳಿದೆ.

"ಅವ್ವ, ಆ ಹಾಳಿ ಅಂಟಿಸಿದ್ದು ನಾನು."

"ಗೊತ್ತೈತಿ."

"ಯಾವಾಗಿಂದ?"

"ಅವತ್ತಿಂದ. ಕಾಲುವಿಯಿಂದ ಬಟ್ಟಿ ತೊಳಕೊಂಡು ಬಂದಾಗ ನಿನ್ನ ಉಗುರಿನ ಸಂದ್ಯಾಗ ಹಿಟ್ಟು ಕಂಡಿದ್ದೆ. ಹಿಟ್ಟು ಮುಟ್ಟದ ಹುಡುಗಿಗೆ ಎಲ್ಲಿಂದ ಬಂತು ಅನ್ನೋದು ಆವಾಗ ಹೊಳೀಲಿಲ್ಲ. ಈರಣ್ಣ ನಿನ್ನ ಮುಖ ನೋಡಿದಾಗ ಹೊಳೀತು."

"ಮತ್ತ ಮಾಮನ್ನ ಯಾಕ ಕಳಿಸಿದಿ?"

ಅವಳು ಕುದಿಯುವ ನೀರನ್ನೇ ನೋಡುತ್ತಿದ್ದಳು.

"ಸಿಟ್ಟು ಎಲ್ಲ್ಯಾರ ಹೋಗಬೇಕಾಗಿತ್ತು. ನಿನ್ನ ಹೊರಗ ಹಾಕಾಕ ಬರತಿದ್ದಿಲ್ಲ. ಅಂವ ತನ್ನ ಮೈಮ್ಯಾಲ ಹಾಕ್ಕೊಂಡ, ನಾ ಬಿಟ್ಟೆ."

"ಆಮ್ಯಾಲರ ಕರಸಬಹುದಿತ್ತವ್ವ."

"ನೀ ಹೇಳ್ತಿ ಅಂತ ಕಾದೆ. ನೀ ಬಾಯಿ ಬಿಟ್ಟ ದಿನ ಅವನ್ನ ಕರಸೋಣು ಅಂತ." ಹಿಟ್ಟಿನ ಪರಾತವನ್ನು ಹತ್ತಿರ ಎಳೆದುಕೊಂಡು ಹೇಳಿದಳು, "ಅಂವನೂ ಅದಕ್ಕ ಕಾದಿರಬೇಕು."

ಅವ್ವ ನನ್ನ ಕೈಯಿಂದ ನೋಟುಬುಕ್ಕು ತೆಗೆದುಕೊಂಡು, ಅಂಟಿದ ಹಾಳೆಗಳನ್ನು ಎಸರಿನ ಹಬೆಗೆ ಹಿಡಿದಳು. ಹಬೆಗೆ ಹಿಟ್ಟು ಮೆತ್ತಗಾಯಿತು. ಚಾಕುವಿನ ತುದಿಯಿಂದ ಅಂಚನ್ನು ಎಬ್ಬಿಸಿ, ಬಿಡಿಸಿ, ಸೆರಗಿನಿಂದ ಒತ್ತಿ ನನ್ನ ಕೈಗೆ ಕೊಟ್ಟಳು. ಒಳಗೆ ಮಾಮನ ದುಂಡಕ್ಷರ ಬೆಳಕು ಕಾಣದೆ ಕಪ್ಪಗೇ ಉಳಿದಿತ್ತು.

"ಮೊದಲಿಂದ ಓದು" ಎಂದು ಅವಳು ಮುದ್ದೆ ಹಿಡಿದಳು.

ಕಿಟಕಿಯ ಬೆಳಕಿಗೆ ಸರಿದು ಕುಳಿತೆ. ಒಂದೊಂದು ರೊಟ್ಟಿಗೆ ಒಂದೊಂದು ತುಂಡು ಓದಿದೆ. ಮೊದಲೆರಡು ರೊಟ್ಟಿ ಆದ ಮೇಲೆ, ಹನ್ನೊಂದನೆಯ ವಯಸ್ಸಿನಲ್ಲಿ ನಾನು ಹಾರಿಸಿದ್ದ ಜಾಗ ಬಂತು. ಓದಿದೆ. "ಹಿರಿಯರೇ, ನಾನು ಈ ಮನೆಗೆ ಏನು ತಂದೆ ಎಂದು ಕೇಳಿದಿರಿ. ಏನನ್ನು ಬಿಟ್ಟು ಬಂದೆ ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ." ಅವ್ವ ಆ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆ ಸವರಿದಳು. ಅವಳು ತಿರುಗಿ ಹೇಳಲಿ ಎಂದು ಕಾದೆ. ತುಟಿ ತೆರೆಯಿತು, ಮುಚ್ಚಿತು. ಮುಂದಿನ ಮುದ್ದೆ ಹಿಡಿದಳು. ನಾನು ಮುಂದೆ ಓದಿದೆ. ಪಾರ್ಟು ಮುಗಿಯುವವರೆಗೆ ಅವಳು ಒಂದು ಮಾತನ್ನೂ ತಿರುಗಿ ಹೇಳಲಿಲ್ಲ.

"ಮುಗೀತೇನು?"

"ಮುಗೀತವ್ವ."

ಅವಳು ಕೊನೆಯ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಬಗ್ಗಿ, ಬೆರಳಿನಿಂದ ಒಂದೊಂದೇ ಅಂಚು ಎತ್ತಿ ನೋಡಿದಳು.

"ಏಳು" ಎಂದಳು. "ಈರಣ್ಣ ಏಳ ಅಂದಿದ್ದ."